ಹದಿಮೂರು ಡಿಗ್ರಿಯ ಗೆರೆ

ಹವಾಯಿ ದ್ವೀಪಗಳ ಮಳೆಕಾಡಿನಲ್ಲಿ ಹಾಪುಉ ಎಂಬ ಜರೀಮರ ಬೆಳೆಯುತ್ತದೆ. ಆಳೆತ್ತರ ಮೀರಿ ನಿಲ್ಲುವ ಅದರ ಕಾಂಡದೊಳಗೆ ಪಿಷ್ಟ ತುಂಬಿದ ತಿರುಳಿರುತ್ತದೆ. ಕಾಡುಹಂದಿಗೆ ಅದರ ರುಚಿ ಗೊತ್ತು. ಮೂತಿಯಿಂದ ನೂಕಿ ಮರ ಉರುಳಿಸುತ್ತದೆ, ಹೊರಗಿನ ನಾರು ಸೀಳಿ ತಿರುಳನ್ನು ಮೆದ್ದು ಮುಂದೆ ಹೋಗುತ್ತದೆ. ಹಿಂದೆ ಉಳಿಯುವುದು ಮೇಲ್ಮುಖವಾಗಿ ತೆರೆದುಕೊಂಡ ಒಂದು ತೊಟ್ಟಿ. ಮಳೆಗೆ ಅದು ತುಂಬುತ್ತದೆ, ಎಲೆ ಬಿದ್ದು ಕೊಳೆಯುತ್ತದೆ, ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ದಿನ ಬಿಟ್ಟು ಬಗ್ಗಿ ನೋಡಿದರೆ ಸೊಳ್ಳೆಮರಿಗಳು ತಲೆಕೆಳಗಾಗಿ ನೇತಾಡುತ್ತ, ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುತ್ತಿರುತ್ತವೆ. ನಮ್ಮ ನೆರಳು ಬಿದ್ದೊಡನೆ ಮೈ ಡೊಂಕಿಸುತ್ತ ತಳಕ್ಕಿಳಿಯುತ್ತವೆ.

ರೆಕ್ಕೆ ಬಂದು ಹಾರಿದ ಮೇಲೆ ಅದು ನಮಗೆಲ್ಲ ಪರಿಚಯದ ಸೊಳ್ಳೆಯೇ. ಹೆಸರು ಕ್ಯೂಲೆಕ್ಸ್ ಕ್ವಿಂಕೆಫ್ಯಾಸಿಯೇಟಸ್. ನಮ್ಮ ಊರುಗಳ ಚರಂಡಿಯಲ್ಲಿ ಹುಟ್ಟಿ ರಾತ್ರಿಯೆಲ್ಲ ಕಿವಿಯ ಬಳಿ ಗುಂಯ್‌ಗುಡುವ, ಕರಾವಳಿಯಲ್ಲೂ ಕಲಬುರಗಿ ಬೀದರ್ ಕಡೆಯಲ್ಲೂ ಆನೆಕಾಲು ರೋಗ ಹಬ್ಬಿಸಿದ ಕಂದು ಸೊಳ್ಳೆ ಇದೇ. ಹವಾಯಿಯಲ್ಲಿ ಮೊದಲು ಇದು ಇರಲಿಲ್ಲ. ಇದೊಂದೇ ಏಕೆ, ಅಲ್ಲಿ ಯಾವ ಜಾತಿಯ ಸೊಳ್ಳೆಯೂ ಇರಲಿಲ್ಲ. 1826ರಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ವೆಲಿಂಗ್ಟನ್ ಎಂಬ ಹಡಗು ಮಾವಿ ದ್ವೀಪದ ಲಹೈನಾದಲ್ಲಿ ಲಂಗರು ಹಾಕಿತು. ನಾವಿಕರು ಪೀಪಾಯಿಗಳಲ್ಲಿ ಉಳಿದಿದ್ದ ಹಳೆಯ ನೀರನ್ನು ಹಳ್ಳಕ್ಕೆ ಚೆಲ್ಲಿದರು; ಆ ನೀರಿನ ಜೊತೆ ಮರಿಗಳೂ ದಡ ಸೇರಿದವು ಎಂಬುದು ಅಲ್ಲಿ ಪ್ರಚಲಿತವಿರುವ ಇತಿಹಾಸ.

ಈ ಅಧ್ಯಾಯದ ಹಕ್ಕಿ ಅಕಿಕಿಕಿ. ಹವಾಯಿ ದ್ವೀಪಗಳಲ್ಲೊಂದಾದ ಕವಾಯಿಯನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಾಡುಹಕ್ಕಿ. ಗುಬ್ಬಚ್ಚಿಗಿಂತ ಚಿಕ್ಕದು. ಬೆನ್ನು ಬೂದಿ, ಹೊಟ್ಟೆ ಬಿಳಿ, ಕೊಕ್ಕು ಮತ್ತು ಕಾಲು ನಸುಗುಲಾಬಿ. ಹವಾಯಿಯ ಅರಸರು ಇಇವಿ ಹಕ್ಕಿಯ ಕಡುಗೆಂಪು ಗರಿಗಳಿಂದ ನಿಲುವಂಗಿ ನೇಯಿಸಿಕೊಳ್ಳುತ್ತಿದ್ದ ಕಾಲದಲ್ಲೂ ಅಕಿಕಿಕಿಯ ಗರಿಯನ್ನು ಯಾರೂ ಬಯಸಲಿಲ್ಲ. ಅದು ಓಹಿಯಾ ಮರಗಳ ಕಾಂಡ, ಕೊಂಬೆಗಳ ಮೇಲೆ ಹರಿದಾಡಿಕೊಂಡು, ಪಾಚಿಯ ಒಳಗೆ, ತೊಗಟೆಯ ಬಿರುಕಿನೊಳಗೆ ಕೊಕ್ಕು ತೂರಿಸಿ ಹುಳ, ಜೇಡ, ಕೀಟದ ಮರಿಗಳನ್ನು ಹೆಕ್ಕುತ್ತ ದಿನ ಕಳೆಯುತ್ತದೆ. ಓಹಿಯಾ ನಮ್ಮ ನೇರಳೆಯ ಕುಟುಂಬದ ಮರ. ಕೆಂಪು ಕೇಸರಗಳ ಗೊಂಚಲು ಬಿಡುತ್ತದೆ. ಅದರ ನೆತ್ತಿಯಲ್ಲಿ ಅಕಿಕಿಕಿ ಪಾಚಿ, ಕಲ್ಲುಹೂಗಳನ್ನು ಹೆಣೆದು ಗೂಡು ಕಟ್ಟುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಮರಿ ಗೂಡು ಬಿಟ್ಟ ಮೇಲೂ ಅಪ್ಪ ಅಮ್ಮ ಬಹಳ ದಿನ ಅದರ ಜೊತೆಗಿದ್ದು ಉಣಿಸುತ್ತವೆ.

ಇದರ ವಂಶದ ಕಥೆ ಏಷ್ಯಾದಿಂದ ಶುರುವಾಗುತ್ತದೆ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಏಷ್ಯಾದ ರೋಸ್‌ಫಿಂಚ್‌ಗಳ ನಂಟಿನ ಒಂದು ಹಕ್ಕಿಗುಂಪು ಶಾಂತಸಾಗರದ ನಡುವಿನ ಈ ಜ್ವಾಲಾಮುಖಿ ದ್ವೀಪಗಳನ್ನು ಹೇಗೋ ತಲುಪಿತು ಎಂದು ಡಿಎನ್‌ಎ ಅಧ್ಯಯನಗಳು ಹೇಳುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಇಳಿದು ಪಶ್ಚಿಮ ಘಟ್ಟದ ಅಂಚಿನ ಪೊದೆಗಳಲ್ಲಿ ಕಾಣುವ ರೋಸ್‌ಫಿಂಚ್ ಆ ಬಳಗದ್ದೇ. ದ್ವೀಪದಲ್ಲಿ ಇಳಿದ ಹಕ್ಕಿಗಳ ಸಂತತಿ 50ಕ್ಕೂ ಹೆಚ್ಚು ಜಾತಿಗಳಾಗಿ ಕವಲೊಡೆಯಿತು. ಒಂದಕ್ಕೆ ಮಕರಂದ ಹೀರುವ ಬಾಗಿದ ಕೊಕ್ಕು, ಒಂದಕ್ಕೆ ಗಟ್ಟಿ ಬೀಜ ಒಡೆಯುವ ಇಕ್ಕುಳ, ಇನ್ನೊಂದಕ್ಕೆ ಕೊಂಬೆ ಸಿಗಿದು ಹುಳ ತೆಗೆಯುವ ಕೊಕ್ಕೆ. ಗ್ಯಾಲಪಗಸ್ ದ್ವೀಪಗಳಲ್ಲಿ ಡಾರ್ವಿನ್ ಕಂಡ ಫಿಂಚ್‌ಗಳ ವೈವಿಧ್ಯ ಇದರ ಮುಂದೆ ಏನೂ ಅಲ್ಲ. ಈ ಬಳಗಕ್ಕೆ ಹನಿಕ್ರೀಪರ್ ಎಂಬ ಹೆಸರು. ಇಂದು ಉಳಿದಿರುವುದು 17 ಜಾತಿಗಳು.

60 ಲಕ್ಷ ವರ್ಷ ಸೊಳ್ಳೆಯನ್ನೇ ಕಾಣದೆ ಬದುಕಿದ ಹಕ್ಕಿಯ ಮೈಯಲ್ಲಿ ಸೊಳ್ಳೆ ತರುವ ರೋಗವನ್ನು ಎದುರಿಸುವ ಏರ್ಪಾಟು ಇರಲು ಕಾರಣವಿಲ್ಲ. ಸೊಳ್ಳೆಯೊಂದೇ ಬಂದಿದ್ದರೆ ಕಡಿತದ ತುರಿಕೆಗಷ್ಟೇ ಮುಗಿಯುತ್ತಿತ್ತು. ವಸಾಹತುಗಾರರು ತಮಗೆ ಬೇಕಾದ ಹಕ್ಕಿಗಳನ್ನೂ ತಂದು ಬಿಟ್ಟರು. ಕಬ್ಬಿನ, ಹುಲ್ಲಿನ ಹುಳ ತಿನ್ನಲೆಂದು 1865ರಲ್ಲಿ ಭಾರತದಿಂದ ಗೊರವಂಕ ಹೋಯಿತು. ಆಮೇಲೆ ಪಂಜರದ ಹಕ್ಕಿಗಳು, ಹಾಡುವ ಹಕ್ಕಿಗಳು ಹಡಗುಗಟ್ಟಲೆ ಬಂದವು. ಅವುಗಳಲ್ಲಿ ಯಾವುದರದೋ ರಕ್ತದಲ್ಲಿ ಪ್ಲಾಸ್ಮೋಡಿಯಮ್ ರೆಲಿಕ್ಟಮ್ ಎಂಬ ಪರಾವಲಂಬಿ ಕೂತಿತ್ತು. ಹಕ್ಕಿಗಳಿಗೆ ಮಲೇರಿಯಾ ತರುವ ಜೀವಿ ಅದು. ಮನುಷ್ಯರಿಗೆ ಅಂಟುವುದಿಲ್ಲ. ಅದರ ಜೊತೆ ಒಡನಾಡಿ ಪಳಗಿದ ಹಳೆಯ ಲೋಕದ ಹಕ್ಕಿಗಳು ಸ್ವಲ್ಪ ಮಂಕಾಗಿ ಚೇತರಿಸಿಕೊಳ್ಳುತ್ತವೆ. ಅಕಿಕಿಕಿಯಂಥವು ಸಾಯುತ್ತವೆ.

ಇಲ್ಲಿ ಒಂದು ಸಂಗತಿ ನನ್ನನ್ನು ತುಂಬ ಕಾಡುತ್ತದೆ. ಈ ರೋಗ ಹೇಗೆ ಹರಡುತ್ತದೆಂದು ಜಗತ್ತಿಗೆ ಮೊದಲು ತಿಳಿದದ್ದು ನಮ್ಮ ದೇಶದಲ್ಲಿ, ಅದೂ ಇದೇ ಸೊಳ್ಳೆ ಮತ್ತು ಇದೇ ಬಳಗದ ಪರಾವಲಂಬಿಯನ್ನು ಇಟ್ಟುಕೊಂಡು. ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ 1883ರಲ್ಲಿ ಬೆಂಗಳೂರಿನಲ್ಲಿದ್ದಾಗಲೇ, ತನ್ನ ಬಂಗಲೆಯ ಕಿಟಕಿಯ ಹೊರಗಿನ ತೊಟ್ಟಿಯನ್ನು ಬೋರಲು ಹಾಕಿದರೆ ಸೊಳ್ಳೆಗಳು ಕಡಿಮೆಯಾಗುತ್ತವೆ ಎಂದು ಗಮನಿಸಿದ್ದ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮನುಷ್ಯರ ಮಲೇರಿಯಾದ ಪರಾವಲಂಬಿಯನ್ನು ಕಂಡ. ಮರುವರ್ಷ ಕಲ್ಕತ್ತಕ್ಕೆ ವರ್ಗವಾದ ಮೇಲೆ ಪ್ರಯೋಗಕ್ಕೆ ತಕ್ಕ ರೋಗಿಗಳು ಸಿಗದೆ ಹಕ್ಕಿಗಳತ್ತ ತಿರುಗಿದ. ಮೊಹಮ್ಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ ರೋಗವಿದ್ದ ಗುಬ್ಬಿಗಳನ್ನು ಸೊಳ್ಳೆಪರದೆಯೊಳಗೆ ಇಟ್ಟು, ಅವನ್ನು ಕಚ್ಚಿದ ಕ್ಯೂಲೆಕ್ಸ್‌ಗಳನ್ನು ಸೀಳಿ ನೋಡುತ್ತ ಹೋದ. 1898ರ ಜುಲೈನಲ್ಲಿ ಪರಾವಲಂಬಿಗಳು ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಬಂದು ಸೇರಿರುವುದು ಕಂಡಿತು. ಆ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೆ ರೋಗ ಬಂತು. ಸೊಳ್ಳೆ ಕಚ್ಚಿ ಮಲೇರಿಯಾ ಹರಡುತ್ತದೆಂಬ ಮಾತು ಅಲ್ಲಿಗೆ ಸಾಬೀತಾಯಿತು, 1902ರಲ್ಲಿ ನೊಬೆಲ್ ಬಂತು. ಜಗತ್ತು ಮನುಷ್ಯರ ಮಲೇರಿಯಾದ ಹಿಂದೆ ಓಡಿತು. ಹಕ್ಕಿಗಳ ಮಲೇರಿಯಾ ಪ್ರಯೋಗಶಾಲೆಯ ಅನುಕೂಲವಾಗಿಯೇ ಉಳಿಯಿತು. ಅದೇ ವರ್ಷಗಳಲ್ಲಿ ಹವಾಯಿಯ ತಗ್ಗಿನ ಕಾಡುಗಳಲ್ಲಿ ಹಕ್ಕಿಗಳು ಸತ್ತು ಬೀಳುತ್ತಿರುವುದನ್ನು ನಿಸರ್ಗಪ್ರೇಮಿಗಳು ಬರೆದಿಡುತ್ತಿದ್ದರು.

ಕಲ್ಕತ್ತದ ಪ್ರಯೋಗಕ್ಕೂ ಹವಾಯಿಯ ಕಾಡಿಗೂ ಗಂಟು ಬೀಳಲು ಎಪ್ಪತ್ತು ವರ್ಷ ಹಿಡಿಯಿತು. ರಿಚರ್ಡ್ ವಾರ್ನರ್ ಎಂಬ ಸಂಶೋಧಕ ಮೇಲ್ನಾಡಿನ ಕಾಡಿನಿಂದಲೂ ಸೊಳ್ಳೆ ಕಾಲಿಡದ ದೂರದ ದ್ವೀಪದಿಂದಲೂ ಹಕ್ಕಿಗಳನ್ನು ತಂದು ಕವಾಯಿಯ ತಗ್ಗುಭಾಗದಲ್ಲಿ ಪಂಜರಗಳಲ್ಲಿಟ್ಟ. ಪಂಜರಕ್ಕೆ ತೆಳುಬಟ್ಟೆ ಸುತ್ತಿ ಸೊಳ್ಳೆ ಬಾರದಂತೆ ಕಾಯ್ದ ಹಕ್ಕಿಗಳು ಬದುಕಿದವು. ಬಟ್ಟೆಯಿಲ್ಲದ ಪಂಜರದವು ಸತ್ತವು. 1968ರಲ್ಲಿ ಅವನು ಪ್ರಕಟಿಸಿದ ಲೇಖನ, ಹವಾಯಿಯ ಹಕ್ಕಿಗಳು ಬೆಟ್ಟದ ಮೇಲಿನ ಕಾಡಿಗಷ್ಟೇ ಏಕೆ ಸೀಮಿತವಾಗಿವೆ ಎಂಬ ಒಗಟನ್ನು ಬಿಡಿಸಿತು. ಮುಂದೆ 1990ರ ದಶಕದಲ್ಲಿ ಇಇವಿ ಹಕ್ಕಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ರೋಗದ ಸೊಳ್ಳೆ ಒಂದೇ ಒಂದು ಸಲ ಕಚ್ಚಿದ ಹತ್ತರಲ್ಲಿ ಒಂಬತ್ತು ಸತ್ತವು.

ಆ ಸಾವು ಹೇಗೆ ಬರುತ್ತದೆಂದು ಹೇಳಲೇಬೇಕು. ಪರಾವಲಂಬಿ ಕೆಂಪು ರಕ್ತಕಣಗಳೊಳಗೆ ಹೊಕ್ಕು ಹೆಚ್ಚುತ್ತದೆ, ಕಣಗಳು ಒಡೆಯುತ್ತವೆ, ರಕ್ತ ನೀರಾಗುತ್ತದೆ. ಗುಲ್ಮ, ಯಕೃತ್ತು ಊದಿಕೊಳ್ಳುತ್ತವೆ. ಹಕ್ಕಿ ಗರಿ ಉಬ್ಬಿಸಿಕೊಂಡು ಕೊಂಬೆಯ ಮೇಲೆ ಕುಳಿತುಬಿಡುತ್ತದೆ, ತಿನ್ನುವುದನ್ನು ಬಿಡುತ್ತದೆ. ಕೆಳಗೆ ಬಿದ್ದರೆ ರಾತ್ರಿಯೊಳಗೆ ಇಲಿಗಳು ಬಂದು ಮುಗಿಸುತ್ತವೆ. ಹಾಗಾಗಿ ಕಾಡಿನಲ್ಲಿ ಹೆಣ ಸಿಗುವುದೇ ಅಪರೂಪ. ಹಕ್ಕಿ ಸಾಯುತ್ತಿದೆ ಎಂಬುದಕ್ಕೆ ಸಾಕ್ಷಿಯಾಗಿ ಸಿಗುವುದು ಖಾಲಿ ಕೊಂಬೆಗಳು ಮಾತ್ರ.

ಹಾಗಿದ್ದರೂ ಅಕಿಕಿಕಿ ಇಷ್ಟು ಕಾಲ ಉಳಿದದ್ದು ಒಂದು ಗೆರೆಯ ಕೃಪೆಯಿಂದ. ಪರಾವಲಂಬಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಜೊಲ್ಲುಗ್ರಂಥಿ ಸೇರಲು ಬಿಸುಪು ಬೇಕು. ಚೆನ್ನಾಗಿ ಬೆಚ್ಚಗಿದ್ದರೆ ವಾರದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ತಂಪಾದಷ್ಟೂ ವಾರಗಳು ಹೆಚ್ಚುತ್ತವೆ. ಸರಾಸರಿ ಉಷ್ಣಾಂಶ 17 ಡಿಗ್ರಿಗೆ ಇಳಿದರೆ ರೋಗ ವರ್ಷದ ಕೆಲವು ತಿಂಗಳು ಮಾತ್ರ ಹರಡುತ್ತದೆ, ಬಹಳಷ್ಟು ಸೊಳ್ಳೆಗಳು ಪರಾವಲಂಬಿ ಬಲಿಯುವ ಮೊದಲೇ ಸಾಯುತ್ತವೆ. 13 ಡಿಗ್ರಿಗಿಂತ ಕೆಳಗೆ ಬೆಳವಣಿಗೆಯೇ ನಿಲ್ಲುತ್ತದೆ. ಬೆಟ್ಟ ಹತ್ತಿದ ಹಾಗೆ ತಂಪು ಹೆಚ್ಚುವುದರಿಂದ ಈ ಎರಡು ಅಂಕಿಗಳು ಪ್ರತಿ ದ್ವೀಪದ ಮೈಮೇಲೆ ಎರಡು ಗೆರೆಗಳಾಗುತ್ತವೆ. ಮೇಲಿನ ಗೆರೆಯ ಆಚೆ ಹಕ್ಕಿ ಕ್ಷೇಮ. ಎರಡರ ನಡುವೆ ಅರೆಕ್ಷೇಮ. ಕೆಳಗೆ ಸಾವು.

ಮಾವಿಯ ಹಲೇಯಕಲ ಪರ್ವತ 3,055 ಮೀಟರ್ ಎತ್ತರವಿದೆ, ಹವಾಯಿಯ ದೊಡ್ಡ ದ್ವೀಪದ ಮೌನಾ ಕೇಯಾ 4,207 ಮೀಟರ್. ಅಲ್ಲಿ ಹಕ್ಕಿಗೆ ಮೇಲೇರಲು ಜಾಗವಿದೆ. ಕವಾಯಿ ಹವಾಯಿಯ ಮುಖ್ಯ ದ್ವೀಪಗಳಲ್ಲಿ ಬಹು ಹಳೆಯದು, ಮಳೆಗೆ ಸವೆದು ಸವೆದು ಕುಗ್ಗಿದೆ. ಅದರ ತುತ್ತತುದಿ ಕವೈಕಿನಿ 1,598 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ಗಿಡ್ಡ. ಕವಾಯಿಯ ಪಾಲಿಗೆ 13 ಡಿಗ್ರಿಯ ಗೆರೆ ಬೆಟ್ಟದ ತುದಿಗಿಂತಲೂ ಮೇಲೆ, ಬರಿಯ ಗಾಳಿಯಲ್ಲಿದೆ. ಪೂರ್ತಿ ಕ್ಷೇಮದ ಜಾಗ ಅಲ್ಲಿ ಎಂದೂ ಇರಲಿಲ್ಲ. ಇದ್ದದ್ದು ಅಲಕಾಯಿ ಎಂಬ ಪ್ರಸ್ಥಭೂಮಿಯ ಅರೆಕ್ಷೇಮದ ಕಾಡು. ಸದಾ ಮಂಜು, ಸದಾ ಮಳೆ, ಕಾಲಿಟ್ಟಲ್ಲಿ ಕೆಸರು. ಪಕ್ಕದ ವೈಯಲೆಯಲೆ ಶಿಖರ ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಆ ತಂಪು ಮತ್ತು ಆ ಮಳೆಯೇ ಅಕಿಕಿಕಿಯನ್ನು ಕಾಯುತ್ತಿದ್ದವು. ಜೋರು ಮಳೆಗೆ ಹಳ್ಳ ಉಕ್ಕಿ ಹರಿದಾಗ ಸೊಳ್ಳೆಮರಿಗಳು ಕೊಚ್ಚಿಹೋಗುತ್ತವೆ. ಮಳೆ ತಗ್ಗಿದರೆ ಬಂಡೆಗಳ ಸಂದಿನಲ್ಲಿ ನೀರು ನಿಲ್ಲುತ್ತದೆ. ಇಲ್ಲಿ ಹಂದಿ ಕೊರೆದ ಜರೀಮರಗಳಿಗಿಂತ ಇಂಥ ಹಳ್ಳದ ಗುಂಡಿಗಳೇ ಸೊಳ್ಳೆಗೆ ತೊಟ್ಟಿಲು.

ಭೂಮಿ ಬಿಸಿಯಾಗುತ್ತ ಬಂತು. ಗೆರೆಗಳು ಮೇಲಕ್ಕೆ ಸರಿದವು. 1990ರ ದಶಕದ ಲೆಕ್ಕಕ್ಕೆ ಹೋಲಿಸಿದರೆ ಮುಂದಿನ ಎರಡು ದಶಕಗಳೊಳಗೆ ಅಲಕಾಯಿಯ ಹಕ್ಕಿಗಳಲ್ಲಿ ಮಲೇರಿಯಾ ಸೋಂಕಿನ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಾಯಿತು.

ಅಂಕಿಗಳನ್ನು ಒಂದು ಸಲ ನೋಡೋಣ. 1968ರಿಂದ 1973ರವರೆಗೆ ನಡೆದ ಸಮೀಕ್ಷೆಯಲ್ಲಿ ಅಕಿಕಿಕಿಗಳು ಸುಮಾರು 6,800 ಇದ್ದವೆಂದು ಅಂದಾಜು. 2012ರಲ್ಲಿ 468. 2021ರಲ್ಲಿ 45. 2023ರ ಬೇಸಿಗೆಯಲ್ಲಿ ಕವಾಯಿಯ ಕಾಡುಹಕ್ಕಿ ಯೋಜನೆಯವರು ಕಾಡೆಲ್ಲ ಹುಡುಕಿದಾಗ ಸಿಕ್ಕದ್ದು 5. ಮರುವರ್ಷ ಒಂದು. ಕಾಡಿನಲ್ಲಿ ಈ ಜಾತಿಯ ಬದುಕು ಕಾರ್ಯತಃ ಮುಗಿದಿದೆ ಎಂದು ಆಗ ಸಾರಿದರು. ಒಂದೇ ಹಕ್ಕಿ ಉಳಿದರೆ ಸಂತಾನವಿಲ್ಲ, ಕಲಿಸಲು ಮರಿಯಿಲ್ಲ, ಜಾತಿ ಲೆಕ್ಕಕ್ಕೆ ಮಾತ್ರ ಇದೆ ಎಂಬುದು ಆ ಮಾತಿನ ಅರ್ಥ.

ಈಗ ಕಡತಗಳನ್ನು ನೋಡಿ. ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯಿದೆಯ ಪಟ್ಟಿಗೆ ಅಕಿಕಿಕಿ ಸೇರಿದ್ದು 2010ರಲ್ಲಿ, ಕವಾಯಿಯ ಇತರ 47 ಜೀವಿಗಳ ಜೊತೆ. ಅಷ್ಟು ಹೊತ್ತಿಗೆ ಸಂಖ್ಯೆ ಬಹಳ ಇಳಿದಾಗಿತ್ತು. ಕಾಯಿದೆಗೆ ಬಲವಿದೆ, ಹಣ ಬರುತ್ತದೆ, ಯೋಜನೆ ಸಿದ್ಧವಾಗುತ್ತದೆ. ಆದರೆ ಕಾಯಿದೆಯ ಗಡಿಯಾರ ಸೊಳ್ಳೆಯ ಗಡಿಯಾರಕ್ಕಿಂತ ನಿಧಾನ. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು 'ತೀವ್ರ ಅಪಾಯ'ದ ವರ್ಗದಲ್ಲಿದೆ. ಅದರ ಮುಂದಿನ ವರ್ಗ 'ಕಾಡಿನಲ್ಲಿ ಅಳಿದದ್ದು'. ಆ ಮೆಟ್ಟಿಲಿಗೆ ಇಳಿಸಬೇಕಾದರೆ ಕಾಡಿನ ಕೊನೆಯ ಹಕ್ಕಿ ಸತ್ತಿದೆ ಎಂಬುದರಲ್ಲಿ ಸಂಶಯ ಉಳಿಯಬಾರದು, ಅದಕ್ಕೆ ತಕ್ಕ ಹುಡುಕಾಟ ನಡೆದಿರಬೇಕು. ನಿಯಮ ಸರಿಯಾಗಿಯೇ ಇದೆ. ಆತುರದಲ್ಲಿ ಅಳಿದಿದೆ ಎಂದು ಬರೆದುಬಿಟ್ಟರೆ ಇನ್ನೂ ಬದುಕಿರುವ ಹಕ್ಕಿಯ ರಕ್ಷಣೆ ನಿಂತುಹೋಗುತ್ತದೆ. ಆದರೆ ಓದುವವರು ಒಂದನ್ನು ಮರೆಯಬಾರದು: ಪಟ್ಟಿಯಲ್ಲಿ ನಾವು ನೋಡುವುದು ಹಕ್ಕಿಯ ನಿನ್ನೆಯ ಸ್ಥಿತಿ. ಆಳುವವರು ಆ ಪಟ್ಟಿಯ ಮೆಟ್ಟಿಲುಗಳನ್ನು ನೋಡಿಕೊಂಡು ಹಣ ಬಿಡುಗಡೆ ಮಾಡುವುದರಿಂದ ನೆರವು ಯಾವಾಗಲೂ ಒಂದು ಮೆಟ್ಟಿಲು ತಡವಾಗಿ ತಲುಪುತ್ತದೆ.

ತಡ ಎಂದರೇನೆಂದು ಹವಾಯಿಯವರಿಗೆ ಪೋಊಲಿ ಎಂಬ ಹಕ್ಕಿ ಕಲಿಸಿತ್ತು. ಮಾವಿಯ ಕಾಡಿನಲ್ಲಿ 1973ರಲ್ಲಿ ವಿದ್ಯಾರ್ಥಿಗಳ ತಂಡವೊಂದು ಅದನ್ನು ಕಂಡುಹಿಡಿದಾಗಲೇ ಬಹಳ ಇರಲಿಲ್ಲ. 1990ರ ದಶಕದ ಕೊನೆಗೆ ಮೂರೇ ಮೂರು ಉಳಿದವು, ಮೂರೂ ಬೇರೆ ಬೇರೆ ಕಡೆ. 2002ರಲ್ಲಿ ಒಂದು ಹೆಣ್ಣನ್ನು ಹಿಡಿದು ಗಂಡಿನ ನೆಲೆಗೆ ಒಯ್ದು ಬಿಟ್ಟರು. ಮಾರನೆಯ ದಿನಕ್ಕೆ ಅದು ತನ್ನ ಜಾಗಕ್ಕೆ ಮರಳಿತ್ತು. 2004ರಲ್ಲಿ ಕೊನೆಗೂ ಒಂದನ್ನು ಸೆರೆಹಿಡಿದು ಸಾಕಣೆ ಕೇಂದ್ರಕ್ಕೆ ತಂದರು. ಜೊತೆ ಸಿಗಲಿಲ್ಲ. ನವೆಂಬರಿನಲ್ಲಿ ಅದು ಸತ್ತಿತು. ಉಳಿದೆರಡನ್ನು ಮತ್ತೆ ಯಾರೂ ಕಾಣಲಿಲ್ಲ. ಕವಾಯಿಯ ಓಓ ಎಂಬ ಹಾಡುಹಕ್ಕಿಯ ದನಿ ಕೊನೆಯದಾಗಿ ಕೇಳಿದ್ದು 1987ರಲ್ಲಿ. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಅಳಿದುಹೋದವೆಂದು ಪಟ್ಟಿಯಿಂದ ತೆಗೆದ 21 ಜೀವಿಗಳಲ್ಲಿ ಪೋಊಲಿ, ಓಓ ಸೇರಿದಂತೆ ಎಂಟು ಹವಾಯಿಯ ಕಾಡುಹಕ್ಕಿಗಳು.

ಅಕಿಕಿಕಿಯ ವಿಷಯದಲ್ಲಿ ಆ ಪಾಠವನ್ನು ಒಂದಿಷ್ಟು ಪಾಲಿಸಿದರು. 2015ರಲ್ಲೇ ಮೊಟ್ಟೆ ತರುವ ಕೆಲಸ ಶುರುವಾಯಿತು. ಗೂಡಿರುವುದು ಓಹಿಯಾದ ತೆಳುವಾದ ಮೇಲುಕೊಂಬೆಗಳಲ್ಲಿ. ಮರ ಹತ್ತಿದರೆ ಕೊಂಬೆ ತಾಳದು. ಹಾಗಾಗಿ ಸುಮಾರು 40 ಅಡಿಯ ಏಣಿಯನ್ನು ಹೆಲಿಕಾಪ್ಟರಿನಲ್ಲಿ ಕಾಡಿಗೆ ಇಳಿಸಿ, ಸುತ್ತಲೂ ಹಗ್ಗ ಬಿಗಿದು ಮರಕ್ಕೆ ತಾಗದಂತೆ ನಿಲ್ಲಿಸಿ, ಕೆಸರಿನಲ್ಲಿ ನಿಂತವರು ಹಗ್ಗ ಹಿಡಿದಿರುವಾಗ ಒಬ್ಬರು ತುದಿಗೆ ಹೋಗಿ ಮೊಟ್ಟೆ ಎತ್ತಿಕೊಳ್ಳಬೇಕು. ಮೊಟ್ಟೆ ನಮ್ಮ ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲ. ಅದನ್ನು ಬಿಸುಪು ಆರದ ಪೆಟ್ಟಿಗೆಯಲ್ಲಿಟ್ಟು ಮತ್ತೆ ಹೆಲಿಕಾಪ್ಟರಿನಲ್ಲಿ ಕಾವುಯಂತ್ರದ ಬಳಿಗೆ ತಲುಪಿಸಬೇಕು. ಹೀಗೆ ತಂದ ಮೊಟ್ಟೆಗಳ ಮತ್ತು ಆಮೇಲೆ ಹಿಡಿದು ತಂದ ಕೆಲವು ಹಕ್ಕಿಗಳ ವಂಶ ಮಾವಿಯಲ್ಲೂ ದೊಡ್ಡ ದ್ವೀಪದಲ್ಲೂ ಸ್ಯಾನ್ ಡಿಯಾಗೊ ಮೃಗಾಲಯ ಸಂಸ್ಥೆ ನಡೆಸುವ ಎರಡು ಕೇಂದ್ರಗಳಲ್ಲಿ ಬೆಳೆಯುತ್ತಿದೆ. ಒಟ್ಟು ಕೆಲವು ಹತ್ತುಗಳಷ್ಟು ಹಕ್ಕಿಗಳು. 2023ರ ಆಗಸ್ಟ್ 8ರಂದು ಮಾವಿಯನ್ನು ಸುಟ್ಟ ಬೆಂಕಿ ಅಲ್ಲಿನ ಕೇಂದ್ರದ ಬೇಲಿಯ ಹತ್ತಿರಕ್ಕೂ ಬಂದಿತ್ತು. ಅಲ್ಲಿದ್ದವರು ತೋಟದ ಪೈಪು, ಬೆಂಕಿ ಆರಿಸುವ ಸಿಲಿಂಡರು ಹಿಡಿದು ಅದನ್ನು ತಡೆದರು.

ಸಾಕಿ ಬೆಳೆಸಿದ ಹಕ್ಕಿಯನ್ನು ಎಲ್ಲಿ ಬಿಡುವುದು? ಮಾವಿಯ ಕಿವಿಕಿಯು ಎಂಬ ಇನ್ನೊಂದು ಹನಿಕ್ರೀಪರ್‌ನ ಅನುಭವ ಇದಕ್ಕೆ ಉತ್ತರ ಹೇಳಿತು. 2019ರ ಅಕ್ಟೋಬರಿನಲ್ಲಿ ಕಾಡಿನಿಂದ ಹಿಡಿದ ಏಳು ಮತ್ತು ಸಾಕಿದ ಏಳು ಕಿವಿಕಿಯುಗಳನ್ನು ಹಲೇಯಕಲದ ಇನ್ನೊಂದು ಇಳಿಜಾರಿನ ನಕುಲ ಎಂಬ ಕಾಡಿಗೆ ಒಯ್ದರು. ವರ್ಷಗಟ್ಟಲೆ ಗಿಡ ನೆಟ್ಟು, ಬೇಲಿ ಹಾಕಿ ಕಾಡನ್ನು ಸಿದ್ಧಪಡಿಸಿದ್ದರು. ಕೆಲವೇ ವಾರಗಳಲ್ಲಿ ಹಕ್ಕಿಗಳು ಒಂದೊಂದಾಗಿ ಮಲೇರಿಯಾಕ್ಕೆ ಬಲಿಯಾದವು. ಎಲ್ಲವೂ ಹೋದವೆಂದು ಕೈಚೆಲ್ಲಿದ ಮೇಲೆ, 2021ರಲ್ಲಿ, ಒಂದು ಗಂಡು ಜೀವಂತ ಸಿಕ್ಕಿತು. 605 ದಿನಗಳಿಂದ ಅದನ್ನು ಯಾರೂ ನೋಡಿರಲಿಲ್ಲ. ಮಲೇರಿಯಾ ಇರುವ ಕಾಡಿನಲ್ಲೂ ಅದು ಬದುಕುಳಿದಿತ್ತು. ಆ ಒಂದು ಹಕ್ಕಿ ದೊಡ್ಡ ಸುದ್ದಿ. ಆದರೆ ಉಳಿದ ಹದಿಮೂರರ ಗತಿ ಹೇಳಿದ್ದು ಇಷ್ಟೇ: ಸೊಳ್ಳೆ ಇರುವ ಕಾಡಿಗೆ ಎಷ್ಟು ಹಕ್ಕಿ ತಂದು ಬಿಟ್ಟರೂ ಸೊಳ್ಳೆಗೆ ಬಡಿಸಿದಂತೆ.

ಹಕ್ಕಿಗಳೇ ರೋಗಕ್ಕೆ ಒಗ್ಗಿಕೊಳ್ಳಲಾರವೇ ಎಂದು ಕೇಳಬಹುದು. ದೊಡ್ಡ ದ್ವೀಪದ ತಗ್ಗಿನ ಕಾಡುಗಳಲ್ಲಿ ಅಮಕಿಹಿ ಎಂಬ ಹನಿಕ್ರೀಪರ್ ಒಗ್ಗಿಕೊಂಡಿದೆ. ಮೈಯಲ್ಲಿ ಪರಾವಲಂಬಿ ಇಟ್ಟುಕೊಂಡೇ ಅದು ಮರಿ ಮಾಡುತ್ತಿದೆ. ಅದರ ಸಂಖ್ಯೆ ಲಕ್ಷಗಳಲ್ಲಿತ್ತು. ಸಾವಿರಾರು ಸತ್ತರೂ ತಾಳಿಕೆಯ ವಂಶವಾಹಿ ಇದ್ದ ಕೆಲವು ಉಳಿದು ಬೆಳೆದವು. 468 ಹಕ್ಕಿಗಳಿಗೆ, 45 ಹಕ್ಕಿಗಳಿಗೆ ಆ ಅವಕಾಶವಿಲ್ಲ.

ಹೀಗಾಗಿ ಸೊಳ್ಳೆಯನ್ನೇ ತಗ್ಗಿಸಬೇಕು. ಹಳ್ಳಕೊಳ್ಳಗಳಿರುವ ಕಡಿದಾದ ಮಳೆಕಾಡಿಗೆ ಕೀಟನಾಶಕ ಹೊಡೆದರೆ ಅಕಿಕಿಕಿಯಂಥವು ತಿನ್ನುವ ಹುಳಗಳೂ ಸಾಯುತ್ತವೆ. ಉಪಾಯ ಸಿಕ್ಕಿದ್ದು ಸೊಳ್ಳೆಯ ಹೊಟ್ಟೆಯೊಳಗೇ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಅನೇಕ ಕೀಟಗಳ ಜೀವಕೋಶಗಳಲ್ಲಿ ವಾಸಿಸುತ್ತದೆ. ಮೊದಲು ಕಂಡದ್ದು 1924ರಲ್ಲಿ, ಕ್ಯೂಲೆಕ್ಸ್ ಸೊಳ್ಳೆಯಲ್ಲೇ. ಗಂಡಿನಲ್ಲಿ ಒಂದು ತಳಿಯ ವೊಲ್ಬಾಕಿಯಾ ಇದ್ದು ಹೆಣ್ಣಿನಲ್ಲಿ ಬೇರೆ ತಳಿ ಇದ್ದರೆ ಕೂಡಿದ ಮೇಲೂ ಮೊಟ್ಟೆ ಒಡೆಯುವುದಿಲ್ಲ. ಹೆಣ್ಣು ಕ್ಯೂಲೆಕ್ಸ್ ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಸಲ ಕೂಡುತ್ತದೆ. ಹೊಂದದ ಗಂಡಿನ ಜೊತೆ ಕೂಡಿದರೆ ಅದರ ಮೊಟ್ಟೆಯೆಲ್ಲ ವ್ಯರ್ಥ. ಗಂಡು ಸೊಳ್ಳೆ ಕಚ್ಚುವುದಿಲ್ಲ, ಹೂವಿನ ರಸ ಕುಡಿದು ಬದುಕುತ್ತದೆ. ಆದ್ದರಿಂದ ಪ್ರಯೋಗಶಾಲೆಯಲ್ಲಿ ಬೇರೆ ತಳಿಯ ವೊಲ್ಬಾಕಿಯಾ ಕೂಡಿಸಿದ ಗಂಡುಗಳನ್ನು ಕಾಡಿನ ಗಂಡುಗಳಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಬಿಡುತ್ತ ಹೋದರೆ ಸೊಳ್ಳೆಯ ಸಂತತಿ ಕುಸಿಯುತ್ತದೆ.

ಈ ಉಪಾಯವೂ ಹೊಸದೇನಲ್ಲ. 1967ರಲ್ಲಿ ಹಾನೆಸ್ ಲಾವೆನ್ ಎಂಬ ಜರ್ಮನ್ ವಿಜ್ಞಾನಿ ಬರ್ಮಾದ ರಂಗೂನಿನ ಹತ್ತಿರ ಓಕ್ಪೋ ಎಂಬ ಹಳ್ಳಿಯಲ್ಲಿ, ಇದೇ ಜಾತಿಯ ಸೊಳ್ಳೆಯ ಮೇಲೆ, ಹೊಂದದ ಗಂಡುಗಳನ್ನು ಬಿಟ್ಟು ಗೆದ್ದಿದ್ದ. ಕೆಲವೇ ವಾರಗಳಲ್ಲಿ ಹಳ್ಳಿಯ ಕ್ಯೂಲೆಕ್ಸ್ ಇಲ್ಲವಾಯಿತು. ಆನೆಕಾಲು ರೋಗ ತಡೆಯುವುದು ಅಲ್ಲಿನ ಗುರಿ. ಅದರ ಮುಂದುವರಿಕೆಯಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ದೆಹಲಿಯಲ್ಲಿ ಸೊಳ್ಳೆಗಳ ವಂಶವಾಹಿ ನಿಯಂತ್ರಣ ಘಟಕ ತೆರೆದವು. ಜೈವಿಕ ಯುದ್ಧದ ತಯಾರಿ ಎಂಬ ಆರೋಪ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದು 1975ರಲ್ಲಿ ಘಟಕ ಮುಚ್ಚಿತು. ಜನರಿಗೆ ಹೇಳದೆ, ಅವರ ಸಂಶಯಗಳಿಗೆ ಕಿವಿಗೊಡದೆ ಮಾಡುವ ವಿಜ್ಞಾನ ಹೀಗೆಯೇ ಕುಸಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಹವಾಯಿಯಲ್ಲೂ ಕೆಲವು ನಿವಾಸಿಗಳು ಸೊಳ್ಳೆ ಬಿಡುವುದನ್ನು ವಿರೋಧಿಸಿ ನ್ಯಾಯಾಲಯಕ್ಕೆ ಹೋದರು. ಆದರೆ ಅಲ್ಲಿ ಸರ್ಕಾರಿ ಇಲಾಖೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಒಂದು ಒಕ್ಕೂಟ ಕಟ್ಟಿಕೊಂಡು, ಮೂಲನಿವಾಸಿ ಹವಾಯಿಯನ್ನರನ್ನೂ ಸೇರಿಸಿಕೊಂಡು, ಊರೂರಿನಲ್ಲಿ ಮಾತಾಡಿದ ಮೇಲೆ ಕೆಲಸಕ್ಕಿಳಿದವು.

2023ರ ನವೆಂಬರಿನಲ್ಲಿ ಮಾವಿಯ ಕಾಡುಗಳ ಮೇಲೆ ಹೆಲಿಕಾಪ್ಟರಿನಿಂದ ಮೊದಲ ಗಂಡು ಸೊಳ್ಳೆಗಳು ಇಳಿದವು, ವಾರಕ್ಕೆ ಎರಡೂವರೆ ಲಕ್ಷದಂತೆ. ಆಮೇಲೆ ಕವಾಯಿಯಲ್ಲೂ ಶುರುವಾಗಿ ಎರಡೂ ಕಡೆ ಪ್ರಮಾಣ ಹೆಚ್ಚಿತು. ಸೊಳ್ಳೆಗಳನ್ನು ತುಂಬಿದ, ಮಣ್ಣಿನಲ್ಲಿ ಕೊಳೆತುಹೋಗುವ ಪುಟ್ಟ ಬುರುಡೆಗಳು ಮರಗಳ ನಡುವೆ ಬೀಳುತ್ತವೆ. ಒಳಗಿನವು ಒಂದೊಂದಾಗಿ ಹೊರಬಂದು ಹೆಣ್ಣನ್ನು ಹುಡುಕುತ್ತವೆ. 2025ರಲ್ಲಿ ಡ್ರೋನ್‌ಗಳಿಂದಲೂ ಬಿಡತೊಡಗಿದರು. ಮಂಜು ಮುಸುಕಿದ, ಗಾಳಿ ಬೀಸುವ ಕಡಿದಾದ ಕಣಿವೆಗಳಲ್ಲಿ ಹೆಲಿಕಾಪ್ಟರ್ ಹಾರಿಸುವುದು ಮನುಷ್ಯರ ಜೀವಕ್ಕೇ ಅಪಾಯ. ಬಿಡುವುದನ್ನು ನಿಲ್ಲಿಸಿದರೆ ತಗ್ಗಿನಿಂದ ಹೊಸ ಸೊಳ್ಳೆಗಳು ಹತ್ತಿ ಬರುತ್ತವೆ. ಹಾಗಾಗಿ ಇದು ಮುಗಿಯುವ ಕೆಲಸವಲ್ಲ, ವರ್ಷವರ್ಷವೂ ನಡೆಯಬೇಕು.

ಬೇರೆ ಶತ್ರುಗಳೂ ಇದ್ದಾರೆ. ಇಲಿಗಳು ಗೂಡು ಹತ್ತಿ ಮೊಟ್ಟೆ, ಮರಿ, ಕಾವಿಗೆ ಕೂತ ತಾಯಿಯನ್ನೂ ತಿನ್ನುತ್ತವೆ; ಅವಕ್ಕೆ ತಾವೇ ಮತ್ತೆ ಸಜ್ಜಾಗುವ ಬೋನುಗಳನ್ನು ಕಾಡಿನ ತುಂಬ ಇಟ್ಟಿದ್ದಾರೆ. 1982ರ ಇವಾ, 1992ರ ಇನಿಕಿ ಚಂಡಮಾರುತಗಳು ಕವಾಯಿಯ ದೊಡ್ಡ ಮರಗಳನ್ನು ಕೆಡವಿದವು. ತೆರವಾದ ಜಾಗಕ್ಕೆ ಹಿಮಾಲಯ ಮೂಲದ ಕಾಹಿಲಿ ಶುಂಠಿ ನುಗ್ಗಿತು. ನಮ್ಮಲ್ಲಿ ಹೆಣ್ಣುಮಕ್ಕಳು ಮುಡಿಯುವ ಸುಗಂಧಿ ಹೂವಿನ ಹತ್ತಿರದ ನಂಟ ಅದು. ಅದರ ಗೆಡ್ಡೆಗಳ ಹಾಸಿನಲ್ಲಿ ಓಹಿಯಾದ ಬೀಜ ಮೊಳೆಯುವುದಿಲ್ಲ. ಇವೆಲ್ಲ ಹಳೆಯ ಗಾಯಗಳು. ಸೊಳ್ಳೆ ಬೆಟ್ಟ ಹತ್ತದಿದ್ದರೆ ಅಕಿಕಿಕಿ ಇವನ್ನು ತಾಳಿಕೊಳ್ಳುತ್ತಿತ್ತೇನೋ.

ಅಲಕಾಯಿಯಲ್ಲಿ ಗಂಡು ಸೊಳ್ಳೆಗಳು ಇಳಿಯುವ ಹೊತ್ತಿಗೆ ಅಲ್ಲಿನ ಅಕಿಕಿಕಿಗಳ ಕಾಲ ಮುಗಿದಿತ್ತು. ಕಾಡಿನಲ್ಲಿ ಈಗ ಆ ಗಂಡುಗಳು ಕಾಯಬೇಕಾದ್ದು ಬೇರೆ ಹಕ್ಕಿಗಳನ್ನು. ಅವುಗಳಲ್ಲಿ ಅಕೆಕೆಎ ಒಂದು. ಹಳದಿ ಹಸಿರು ಮೈ, ಕಣ್ಣಿನ ಸುತ್ತ ಕಪ್ಪು. ಅದರ ಕೊಕ್ಕಿನ ಎರಡು ತುದಿಗಳು ಒಂದರ ಮೇಲೊಂದು ಕೂರದೆ ಸ್ವಲ್ಪ ಅಡ್ಡಕ್ಕೆ ದಾಟಿಕೊಂಡಿರುತ್ತವೆ. ಓಹಿಯಾದ ಎಲೆಮೊಗ್ಗಿನೊಳಗೆ ಕೊಕ್ಕು ಇಟ್ಟು ಬಾಯಿ ತೆರೆದರೆ ಮೊಗ್ಗು ಬಿರಿಯುತ್ತದೆ, ಒಳಗಿನ ಹುಳ ಸಿಗುತ್ತದೆ. ಉಳಿದಿರುವುದು ಬಹಳ ಕಡಿಮೆ. ಅದೇ 2010ರ ಪಟ್ಟಿಯಲ್ಲಿ, ಅದೇ ಅಪಾಯದ ವರ್ಗದಲ್ಲಿ ಅಕಿಕಿಕಿಯ ಪಕ್ಕದಲ್ಲೇ ಅದರ ಹೆಸರಿದೆ. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಸ್ಥಾನ. ಕಾಡಿನಲ್ಲಿ ಒಂದು ಮರಿ ಮಾಡುತ್ತಿದೆ, ಇನ್ನೊಂದು ಮಾಡುತ್ತಿಲ್ಲ. ಹಣವನ್ನೂ ಕೈಗಳನ್ನೂ ಮೊದಲು ಎಲ್ಲಿ ತೊಡಗಿಸಬೇಕೆಂದು ತೀರ್ಮಾನಿಸುವವರು ನೋಡಬೇಕಾದ್ದು ಈ ವ್ಯತ್ಯಾಸವನ್ನು.

ಸಾಕಣೆ ಕೇಂದ್ರದ ಅಕಿಕಿಕಿಗಳಿಗೆ ಕಾಯುವ ಕಾಲವೂ ಅಪಾರವಾಗಿಲ್ಲ. ಇರುವ ಕೆಲವೇ ಜೋಡಿಗಳ ಸಂತಾನದಲ್ಲಿ ತಲೆಮಾರಿನಿಂದ ತಲೆಮಾರಿಗೆ ರಕ್ತಸಂಬಂಧ ಬಿಗಿಯಾಗುತ್ತ ಹೋಗುತ್ತದೆ. ಕಾಡಿನಲ್ಲಿ ತಾಯಿಯ ಹಿಂದೆ ಹಾರಿ ಯಾವ ಪಾಚಿಯೊಳಗೆ ಯಾವ ಹುಳ ಎಂದು ಕಲಿತ ಹಕ್ಕಿಗಳು ಮುದಿಯಾಗುತ್ತವೆ. ಅವು ಬದುಕಿರುವಾಗಲೇ ಅಲಕಾಯಿಯ ಒಂದು ಕಣಿವೆಯಲ್ಲಾದರೂ ಸೊಳ್ಳೆಯ ಲೆಕ್ಕ ಸೊನ್ನೆಗೆ ಸಮೀಪ ಬರಬೇಕು, ಕೆಲವು ವರ್ಷ ಹಾಗೆಯೇ ನಿಲ್ಲಬೇಕು. ಆಗ ಮಾತ್ರ ಕಾಡಿಗೆ ಮರಳುವ ಹಕ್ಕಿಗಳ ಮೊದಲ ಪೆಟ್ಟಿಗೆ ಹೆಲಿಕಾಪ್ಟರ್ ಹತ್ತಬಹುದು.